ಮೊಟ್ಟೆಯ ಗುಳಿಯಲ್ಲಿ ಕೂತ ರೀಲು

ಮೊಟ್ಟೆ ತಿನ್ನದವರ ಮನೆಯ ಫ್ರಿಜ್ಜಿನಲ್ಲಿ, ಬಾಗಿಲಿನ ಒಳಮೈಗೆ ಮೊಟ್ಟೆಗೆಂದೇ ಮಾಡಿಟ್ಟ ಆ ಹನ್ನೆರಡು ಗುಳಿಗಳ ಗತಿಯೇನು ಎಂಬುದರ ಬಗ್ಗೆ ಇದುವರೆಗೆ ಯಾರೂ ಗಂಭೀರವಾಗಿ ಚಿಂತಿಸಿದಂತೆ ಕಾಣುವುದಿಲ್ಲ. ಇಡೀ ಲೋಕವೇ ಬೆಳಗ್ಗೆದ್ದು ಆಮ್ಲೆಟ್ಟಿಗಾಗಿ ಹಾತೊರೆಯುತ್ತದೆ ಎಂಬ ಭರವಸೆಯಲ್ಲಿ ಫ್ರಿಜ್ ತಯಾರಿಸುವವರು ಗುಳಿ ತೋಡುತ್ತಾರೆ. ಅಹಮದಾಬಾದಿನ ಮಣಿನಗರದ ನಮ್ಮ ಓಣಿಯಲ್ಲಾದರೋ, ಮೊಟ್ಟೆಯ ಹೆಸರೆತ್ತಬೇಕಾದವರೂ ಸುತ್ತ ಒಮ್ಮೆ ಕಣ್ಣಾಡಿಸಿಯೇ ಎತ್ತುತ್ತಾರೆ. ಹಾಗೆಂದು ಇರುವ ಜಾಗವನ್ನು ಖಾಲಿ ಬಿಡಲು ಗೃಹಿಣಿಯರ ಮನಸ್ಸು ಒಪ್ಪೀತೆ? ಎದುರುಮನೆಯ ಕಾಂತಾಬೆನ್ ಅವರ ಫ್ರಿಜ್ಜಿನಲ್ಲಿ ಹನ್ನೆರಡಕ್ಕೆ ಹನ್ನೆರಡೂ ನಿಂಬೆಹಣ್ಣುಗಳು ಶಿಸ್ತಾಗಿ ಆಸೀನವಾಗಿವೆ. ನಮ್ಮ ಮನೆಯಲ್ಲಿ ಅಷ್ಟು ಶಿಸ್ತಿಲ್ಲ. ಎಡದಿಂದ ನೋಡುತ್ತ ಬಂದರೆ ನಾಲ್ಕು ನಿಂಬೆಹಣ್ಣು, ಒಂದು ತುಂಡು ಶುಂಠಿ, ಮಗಳ ಕಿವಿಗೆ ಹಾಕುವ ಔಷಧದ ಸೀಸೆ, ಯಾವುದಕ್ಕೆಂದು ಮರೆತುಹೋದ ಎರಡು ಸೆಲ್ಲು, ಮತ್ತು ಕಟ್ಟಕಡೆಯ ಗುಳಿಯಲ್ಲಿ ಬೂದು ಮುಚ್ಚಳದ ಕಪ್ಪು ಡಬ್ಬಿಯೊಳಗೆ ಕೂತ, ಮೂವತ್ತಾರು ಫೋಟೋಗಳ ಒಂದು ಕ್ಯಾಮೆರಾ ರೀಲು. ಆ ರೀಲು ಅಲ್ಲಿ ಕೂತುಬಿಟ್ಟದ್ದರಿಂದ ಏನೇನಾಯಿತು ಎಂದು ಹೇಳುವುದಕ್ಕೇ ಈಗ ನಿಮ್ಮನ್ನು ಕೂರಿಸಿಕೊಂಡಿದ್ದೇನೆ.

ನಾನು ಬ್ಯಾಂಕಿನವನು, ತುಮಕೂರಿನಲ್ಲಿ ಸುಖವಾಗಿದ್ದವನನ್ನು ಬ್ಯಾಂಕು ಎತ್ತಿ ಸಾಬರಮತಿಯ ದಡದಲ್ಲಿಟ್ಟು ಏಳು ವರ್ಷವಾಯಿತು. ಹೆಂಡತಿ ಶಾರದೆ ಇಲ್ಲಿನ ತರಕಾರಿಯವರೊಡನೆ ಚೌಕಾಶಿ ಮಾಡುವಷ್ಟು ಗುಜರಾತಿ ಕಲಿತಿದ್ದಾಳೆ. ಒಂಬತ್ತು ವರ್ಷದ ಮಗಳು ಮೇಘಾ ಅದಕ್ಕಿಂತ ಮುಂದೆ ಹೋಗಿ, ಕನ್ನಡವನ್ನೇ ಗುಜರಾತಿಯ ಒಂದು ಉಪಭಾಷೆಯೆಂದು ಭಾವಿಸಿದ್ದಾಳೆ. ಇಷ್ಟು ದೂರದಲ್ಲೂ ನಮಗೆ ಬಂಧುಬಲವಿಲ್ಲವೆಂದಲ್ಲ: ಶಾರದೆಯ ಅಕ್ಕ, ಅಂದರೆ ನನ್ನ ಅತ್ತಿಗೆ ವಿಶಾಲಾಕ್ಷಿ, ಸೂರತ್ತಿನ ಆಚೆ ಹಜೀರಾದ ಒಂದು ಕಾರ್ಖಾನೆಯ ಕಾಲೊನಿಯಲ್ಲಿದ್ದರು. ಅವರ ಯಜಮಾನರು ಅಲ್ಲಿ ಎಂಜಿನಿಯರು, ನನಗೆ ಷಡ್ಡಕರು.

ಷಡ್ಡಕ ಎಂಬ ಸಂಬಂಧದ ಸೂಕ್ಷ್ಮವನ್ನು ಅರಿಯದವರು ಪುಣ್ಯವಂತರು. ಒಬ್ಬನೇ ಮಾವನ ಇಬ್ಬರು ಅಳಿಯಂದಿರು ಎದುರೆದುರು ಕೂತು ಕಾಫಿ ಕುಡಿಯುವಾಗ ಮೇಲ್ನೋಟಕ್ಕೆ ಸೌಹಾರ್ದವೇ ಇರುತ್ತದೆ. ಆದರೆ ಅವರ ಬಳಿ ಹೊಸ ಸ್ಕೂಟರ್ ಬಂದರೆ ಇವರ ಸ್ಕೂಟರ್ ಆ ಕ್ಷಣದಿಂದಲೇ ಸದ್ದು ಮಾಡತೊಡಗುತ್ತದೆ. ನಾನು ಅವರನ್ನು ಭಾವ ಎಂದೇ ಕರೆಯುತ್ತೇನೆ, ಅವರು ನನ್ನನ್ನು ಪ್ರೀತಿಯಿಂದ ‘ಏನಯ್ಯಾ’ ಎನ್ನುತ್ತಾರೆ, ಆ ‘ಅಯ್ಯಾ’ದಲ್ಲಿ ಅವರು ನನಗಿಂತ ಐದು ವರ್ಷ ಮೊದಲು ಅಳಿಯರಾದರೆಂಬ ಜ್ಞಾಪನೆಯೂ ಸೇರಿರುತ್ತದೆ. ಅವರು ಛಾಯಾಗ್ರಹಣದಲ್ಲಿ ಪಳಗಿದವರೆಂಬ ಖ್ಯಾತಿ ಕುಟುಂಬದಲ್ಲಿ ಹಬ್ಬಿತ್ತು. ಹನ್ನೊಂದು ವರ್ಷದ ಹಿಂದೆ ನಮ್ಮ ಮದುವೆಯಲ್ಲಿ ಮನೆಯವರ ಫೋಟೋಗಳನ್ನೆಲ್ಲ ತೆಗೆದವರು ಅವರೇ.

ಆ ಮದುವೆಯಲ್ಲೇ ಈ ಕಥೆಯ ಮುಳ್ಳು ಮುರಿದುಕೊಂಡಿರುವುದು. ಅಕ್ಕತಂಗಿಯರಿಬ್ಬರಿಗೂ ನಮ್ಮತ್ತೆ ಒಂದೇ ಬಗೆಯ ಮೊಳಕಾಲ್ಮೂರು ಸೀರೆ ತಂದಿದ್ದರು: ಗಿಳಿಹಸಿರು ಒಡಲು, ಕುಂಕುಮದ ಅಂಚು. ಧಾರೆಯ ನಂತರ ಇಬ್ಬರೂ ಅದನ್ನುಟ್ಟು, ಒಬ್ಬರ ಜಡೆಯನ್ನೊಬ್ಬರು ಸರಿಮಾಡಿ, ಭಾವನ ಕ್ಯಾಮೆರಾದೆದುರು ಹೆಗಲ ಮೇಲೆ ಕೈಹಾಕಿ ನಿಂತರು, ಫ್ಲ್ಯಾಶ್ ಮಿಂಚಿತು, ಫೋಟೋ ಮಾತ್ರ ಬರಲಿಲ್ಲ. ಲ್ಯಾಬಿನವನು ಅದೊಂದು ನೆಗೆಟಿವನ್ನು ಹಾಳುಮಾಡಿದ ಎಂದು ಭಾವ ಹೇಳಿದರು. ಅದಾದ ಮೇಲೆ ಇಬ್ಬರ ಫೋಟೋಗಳೇನೋ ಬೇಕಾದಷ್ಟು ಬಂದಿವೆ, ಆದರೆ ಒಂದರಲ್ಲಿ ನಡುವೆ ಮಗು, ಇನ್ನೊಂದರಲ್ಲಿ ಹಿಂದೆ ಹತ್ತು ಜನ ನೆಂಟರು, ಮತ್ತೊಂದರಲ್ಲಿ ಒಬ್ಬರ ಕೈಯಲ್ಲಿ ಸೌಟು. ಇಬ್ಬರೇ ಇರುವ, ಅದೇ ಸೀರೆಯ ಒಂದು ಫೋಟೋಕ್ಕಾಗಿ ಶಾರದೆ ಹನ್ನೊಂದು ವರ್ಷದಿಂದ ಆಸೆಪಡುತ್ತಿದ್ದಳು. ಅಷ್ಟರಲ್ಲಿ ಭಾವನಿಗೆ ಅಸ್ಸಾಮಿನ ಒಂದು ಕಾರ್ಖಾನೆಗೆ ವರ್ಗವಾಯಿತು. ಹೋಳಿ ಮುಗಿದ ವಾರ ಸಾಮಾನಿನ ಲಾರಿ ಬರುವುದೆಂದು ಅತ್ತಿಗೆ ಫೋನಿನಲ್ಲಿ ಹೇಳಿದ ದಿನ ಶಾರದೆ ಟ್ರಂಕಿನಿಂದ ಆ ಸೀರೆಯನ್ನು ತೆಗೆದು ಬಿಸಿಲಿಗೆ ಹರವಿದಳು.

“ರೀ, ಅವರು ಹೋಗೋದ್ರೊಳಗೆ ಒಂದ್ಸಲ ಕಾರಿನಲ್ಲಿ ಹೋಗ್ಬರೋಣ. ನೀವು ಒಂದೇ ಒಂದು ಫೋಟೋ ತೆಗೆದ್ಕೊಡಿ, ಸಾಕು,” ಎಂದಳು.

ಒಂದೇ ಒಂದು ಫೋಟೋ. ಅದಕ್ಕೆ ಬೇಕಾದ ಸಲಕರಣೆ ನಮ್ಮ ಮನೆಯಲ್ಲೇ ಇತ್ತು. ಅವಳ ಸೋದರಮಾವ ಕೊಟ್ಟಿದ್ದ, ಒಂದೇ ಗುಂಡಿಯ, ಸೋಪಿನ ಪೆಟ್ಟಿಗೆಯ ಗಾತ್ರದ ಪುಟ್ಟ ಕ್ಯಾಮೆರಾ ಅದು. ಒತ್ತಿದರೆ ಫೋಟೋ ಬರುತ್ತದೆ, ಒತ್ತದಿದ್ದರೆ ಬರುವುದಿಲ್ಲ, ಅದಕ್ಕಿಂತ ಹೆಚ್ಚಿನ ವೇದಾಂತವೇನೂ ಅದರಲ್ಲಿರಲಿಲ್ಲ. ಆದರೆ ಷಡ್ಡಕರ ಎದುರು ಸೋಪಿನ ಪೆಟ್ಟಿಗೆ ಹಿಡಿದು ನಿಲ್ಲುವುದೆಂದರೇನು? ನಾನು ಮೂರ್ತಿಯವರ ಬಳಿಗೆ ಹೋದೆ.

ಮೂರ್ತಿ ನಮ್ಮ ಕನ್ನಡದವರೇ, ಊರಿನ ಒಂದು ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಅಂತರಿಕ್ಷದ ಬಗ್ಗೆ ಅವರಿಗೆ ಎಷ್ಟು ಖಚಿತ ಜ್ಞಾನವಿದೆಯೋ, ಭೂಮಿಯ ಮೇಲಿನ ಮಿಕ್ಕೆಲ್ಲದರ ಬಗ್ಗೆಯೂ ಅಷ್ಟೇ ಖಚಿತವಾದ ಅಭಿಪ್ರಾಯಗಳಿವೆ. “ಎಲ್ಲಿಗೆ ಹೋಗ್ತಿದೀರಿ, ಯಾವ ಹೊತ್ತಲ್ಲಿ, ಸೂರ್ಯ ಯಾವ ಕಡೆ ಇರ್ತಾನೆ, ಅದನ್ನ ಮೊದಲು ಹೇಳಿ. ಕ್ಯಾಮೆರಾ ಆಮೇಲೆ,” ಎಂದರು. ಸೂರ್ಯನ ಚಲನವಲನದ ಬಗ್ಗೆ ನನ್ನ ತಿಳಿವಳಿಕೆ ಆಫೀಸಿಗೆ ಹೊರಡುವ ಹೊತ್ತಿಗೆ ಸೀಮಿತವಾದದ್ದರಿಂದ ಅವರೇ ಒಂದು ಕಾಗದದ ಮೇಲೆ ಎಂಟನೆಯ ನಂಬರಿನ ಹೆದ್ದಾರಿಯನ್ನು ಬರೆದು, ನಡಿಯಾದಿನಲ್ಲಿ ಸೂರ್ಯೋದಯ, ವಡೋದರದಲ್ಲಿ ನಡುಬಿಸಿಲು, ಹಜೀರಾದಲ್ಲಿ ಸೂರ್ಯಾಸ್ತ ಎಂದು ಗುರುತು ಹಾಕಿದರು. ಆಮೇಲೆ ಬೀರುವಿನಿಂದ ಸರಂಜಾಮು ಹೊರಬಿತ್ತು. ಕ್ಯಾಮೆರಾ ಒಂದು, ಲೆನ್ಸು ಮೂರು: ದೂರದ್ದಕ್ಕೊಂದು, ಹತ್ತಿರದ್ದಕ್ಕೊಂದು, ದೂರವೂ ಅಲ್ಲದ ಹತ್ತಿರವೂ ಅಲ್ಲದ ಅನಿರ್ಧಾರಿತ ವಸ್ತುಗಳಿಗೊಂದು. ಮೂರು ಕಾಲಿನ ಸ್ಟ್ಯಾಂಡು. ಮಂಕಾದ ಸಂಜೆಗೂ ರಂಗು ಕೊಡುವ ಕಿತ್ತಳೆ ಬಣ್ಣದ ಗಾಜು. ದೀಪದ ಬೆಳಕನ್ನು ನಕ್ಷತ್ರದಂತೆ ಆರು ಕಡೆಗೆ ಚಾಚುವ ಇನ್ನೊಂದು ಗಾಜು. ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವ ದಪ್ಪ ಫ್ಲ್ಯಾಶು. ಇವೆಲ್ಲಕ್ಕೂ ಮನೆಯಾದ, ಹನ್ನೊಂದು ಜೇಬುಗಳ ಒಂದು ಚೀಲ. ಕೊನೆಗೆ ಅವರು ತರ್ಜನಿಯೆತ್ತಿ ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ: “ಈ ಊರಿನ ಸೆಕೆಗೆ ರೀಲನ್ನ ಹೊರಗಿಟ್ರೆ ಬಣ್ಣ ಕೆಡತ್ತೆ. ಫ್ರಿಜ್ಜಲ್ಲಿಡಿ, ಹೊರಡೋವಾಗ ತಗೊಳ್ಳಿ.”

ನಾನು ಎರಡು ರೀಲು ತಂದೆ. ಒಂದನ್ನು ಕ್ಯಾಮೆರಾಕ್ಕೆ ತುಂಬಿಸಿ, ಇನ್ನೊಂದನ್ನು ಗುರುವಾಕ್ಯದಂತೆ ಫ್ರಿಜ್ಜಿನಲ್ಲಿಟ್ಟೆ. ಕೂರಿಸಲು ಹೇಳಿಮಾಡಿಸಿದಂಥ ಗುಳಿಗಳು ಅಲ್ಲಿ ಇದ್ದೇ ಇದ್ದವು.

ಮುಂದಿನ ಎರಡು ವಾರ ನಾನು ಮನುಷ್ಯರೊಡನೆ ಮಾತಾಡಿದ್ದು ಕಡಿಮೆ. ಬ್ಯಾಂಕಿನಲ್ಲಿ ಹಾಳು ಕಾಗದದ ಬೆನ್ನಿನ ಮೇಲೆ ಯಾವ ಲೆನ್ಸು ಬೇಕು, ಯಾವುದು ಬೇಡ ಎಂದು ಪಟ್ಟಿ ಮಾಡುತ್ತಿದ್ದೆ. ಮರುದಿನ ಬೇಡದ್ದೆಲ್ಲ ಬೇಕಾಗಿ, ಬೇಕಾದದ್ದು ಅನಿವಾರ್ಯವಾಗುತ್ತಿತ್ತು. ಸಂಜೆ ಮಹಡಿಯೇರಿ, ಉತ್ತರಾಯಣದ ಗಾಳಿಪಟದ ಹಬ್ಬ ಮುಗಿದು ತಿಂಗಳುಗಳೇ ಕಳೆದರೂ ತಂತಿಗೆ ಸಿಕ್ಕಿಕೊಂಡು ತೂಗುತ್ತಿದ್ದ ಹರಕು ಗಾಳಿಪಟಗಳ ಮೇಲೆ ದೂರದ ಲೆನ್ಸಿನ ಅಭ್ಯಾಸ ನಡೆಸುತ್ತಿದ್ದೆ. ಎದುರು ಮಹಡಿಯಲ್ಲಿ ಹಪ್ಪಳ ಒಣಹಾಕಲು ಬರುತ್ತಿದ್ದ ಹೆಂಗಸರು ಎರಡು ದಿನ ನೋಡಿ ಮೂರನೆಯ ದಿನ ಕಾಂತಾಬೆನ್ ಮೂಲಕ ವಿಚಾರಣೆ ಕಳಿಸಿದ ಮೇಲೆ ಅಭ್ಯಾಸ ಮನೆಯೊಳಗೆ ಸ್ಥಳಾಂತರವಾಯಿತು. “ಒಂದ್ ಫೋಟೋಕ್ಕೆ ಇಷ್ಟೊಂದು ಸಾಮಾನು ಯಾಕ್ರೀ? ನಮ್ಮ ಚಿಕ್ಕದೇ ಸಾಕಲ್ಲ,” ಎಂದು ಶಾರದೆ ಕೇಳಿದಾಗ, ಕಲೆಯ ವಿಷಯ ಬಂದಾಗ ಗಂಡಸರು ಮಾಡುವಂತೆ ನಾನು ಕನಿಕರದ ನಗೆ ನಕ್ಕೆ.

ಹೊರಡುವ ಹಿಂದಿನ ಸಂಜೆ ಕಾಂತಾಬೆನ್ ಬಂದು ಕಾರಿನ ಹಿಂದಿನ ಸೀಟನ್ನು ಇಣುಕಿ ನೋಡಿದರು. ಅಲ್ಲಿ ಚೀಲವನ್ನೂ ಸ್ಟ್ಯಾಂಡನ್ನೂ ಕಂಡು, “ನಾಸ್ತಾ ಎಲ್ಲಿ?” ಎಂಬ ಅರ್ಥದಲ್ಲಿ ಕೈತಿರುವಿ, “ಥೇಪ್ಲಾ ವಗರ್ ಮುಸಾಫರಿ ಕೇವಿ?” ಎಂದರು. ಥೇಪ್ಲಾ ಇಲ್ಲದ್ದು ಅದೆಂಥ ಪ್ರಯಾಣ ಎಂಬ ಅವರ ಆಶ್ಚರ್ಯ ನಿಜವಾದದ್ದು. ಗುಜರಾತಿನ ಸಂಸಾರ ಮೆಂತ್ಯದ ಚಪಾತಿಯಂಥ ಥೇಪ್ಲಾದ ಒಂದು ಡಬ್ಬಿ, ಮಾವಿನಕಾಯಿಯ ಸಿಹಿ ಉಪ್ಪಿನಕಾಯಿ ಛುಂದೋದ ಒಂದು ಸೀಸೆ, ಹಪ್ಪಳದಂತೆ ಗರಿಗರಿಯಾದ ಖಾಖ್ರಾದ ಒಂದು ಕಟ್ಟು ಇಲ್ಲದೆ ರೈಲ್ವೆ ಸ್ಟೇಷನ್ನಿನವರೆಗೂ ಹೋಗುವುದಿಲ್ಲ. ಅರ್ಧ ಗಂಟೆಯಲ್ಲಿ ಅವರ ಅಡುಗೆಮನೆಯಿಂದ ಇವೆಲ್ಲವೂ ಬಂದವು. ನಮ್ಮ ಹಳೆಯ ಕಾರಿನ ಡಿಕ್ಕಿಯಲ್ಲಿ ಅತ್ತಿಗೆಗೆಂದು ಶಾರದೆ ಮಾಡಿದ್ದ ಚಟ್ನಿಪುಡಿ, ಹುಣಸೆ ತೊಕ್ಕುಗಳ ಸಂಸಾರ ಆಗಲೇ ನೆಲೆಸಿತ್ತಾದ್ದರಿಂದ, ಹನ್ನೊಂದು ಜೇಬುಗಳ ಚೀಲದಲ್ಲಿ ನಾಲ್ಕು ಜೇಬುಗಳನ್ನು ನಾನು ಥೇಪ್ಲಾಕ್ಕೆ ಬಿಟ್ಟುಕೊಡಬೇಕಾಯಿತು.

ಶನಿವಾರ ನಸುಕಿನಲ್ಲಿ ಹೊರಟೆವು. ಮೂರ್ತಿಯವರ ನಕ್ಷೆಯಂತೆ ನಡಿಯಾದಿನಲ್ಲಿ ಸೂರ್ಯ ತಪ್ಪದೆ ಹುಟ್ಟಿದ. ಅವನಿಗೆ ನಾಲ್ಕು ಫೋಟೋ ಅರ್ಪಿತವಾದವು. ವಾಸದ್ ಊರಿನ ಹತ್ತಿರ ಮಹೀ ನದಿಯ ಸೇತುವೆಗೆ ಐದು. ಹೊಗೆಸೊಪ್ಪಿನ ಹೊಲದ ನಡುವಿನ ಒಂಟಿ ಮರಕ್ಕೆ ಎರಡು, ಅದರಲ್ಲೊಂದು ಕಿತ್ತಳೆ ಗಾಜಿನೊಳಗಿಂದ. ಇಷ್ಟರಲ್ಲಿ ಮೇಘಾಳಿಗೆ ತಾನೂ ಈ ಪ್ರಪಂಚದಲ್ಲಿದ್ದೇನೆಂಬುದನ್ನು ಅಪ್ಪನ ಗಮನಕ್ಕೆ ತರಬೇಕೆನಿಸಿತು. “ಪಪ್ಪಾ, ನಂದು ಒಂದ್ ಫೋಟೋ ಪಾಡೋ ನೆ!” ಎಂದು ಮರದ ಮುಂದೆ ನಿಂತಳು, ಮೈಲಿಗಲ್ಲಿನ ಮೇಲೆ ನಿಂತಳು, ಒಂಟೆಗಾಡಿಯ ಪಕ್ಕ ನಿಂತಳು. ರೀಲಿನಲ್ಲಿರುವುದು ಮೂವತ್ತಾರೇ. ಅಕ್ಕತಂಗಿಯರಿಗೂ ಉಳಿಯಬೇಕು, ವಡೋದರದ ಅರಮನೆಗೂ ಉಳಿಯಬೇಕು. ಆಗ ನನಗೆ ಭಾವ ಎಂದೋ ಹೇಳಿಕೊಟ್ಟ ಒಂದು ವಿದ್ಯೆ ನೆನಪಾಯಿತು.

ಆ ವಿದ್ಯೆಯನ್ನು ನಿಮಗೂ ಹೇಳುತ್ತೇನೆ. ಮದುವೆಮನೆಯ ಫೋಟೋದವರಿಗೆ ಅದು ಹೊಸದಲ್ಲ. ದಪ್ಪ ಫ್ಲ್ಯಾಶಿನ ಬೆನ್ನಲ್ಲಿ ಒಂದು ಪುಟ್ಟ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಕ್ಯಾಮೆರಾದ ಹಂಗಿಲ್ಲದೆ ಫ್ಲ್ಯಾಶೊಂದೇ ಫಳ್ಳೆಂದು ಮಿಂಚುತ್ತದೆ, ಎದುರಿಗಿದ್ದವರಿಗೆ ಫೋಟೋ ತೆಗೆಸಿಕೊಂಡ ತೃಪ್ತಿ, ರೀಲಿಗೆ ಒಂದಿಷ್ಟೂ ನಷ್ಟವಿಲ್ಲ. “ಮಕ್ಕಳು ತಲೆ ತಿಂದ್ರೆ ಖಾಲಿ ಮಿಂಚು ಕೊಟ್ಬಿಡು ಕಣಯ್ಯಾ,” ಎಂದು ಭಾವ ಒಂದು ದೀಪಾವಳಿಯಲ್ಲಿ ಕಣ್ಣು ಮಿಟುಕಿಸಿ ಹೇಳಿದ್ದರು. ಹಾಡಹಗಲಿನಲ್ಲೂ ಮಿಂಚಿದರೆ ಮಾತ್ರ ಫೋಟೋ ಎಂದು ನಂಬಿದ್ದ ಮೇಘಾಳಿಗೆ ಆ ದಿನ ನಾನು ಧಾರಾಳವಾಗಿ ಖಾಲಿ ಮಿಂಚು ಹಂಚಿದೆ. ಪ್ರತಿ ಸಲವೂ ಅವಳು ಕೂದಲು ಹಿಂದೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ, ಹಲ್ಲು ಕಾಣುವಂತೆ ನಗುತ್ತಿದ್ದಳು. ಆಗ ನನ್ನ ಜಾಣತನಕ್ಕೆ ನಾನೇ ಬೆರಗಾಗಿದ್ದೆ.

ವಡೋದರದಲ್ಲಿ ಅರಮನೆಯ ಕಾವಲಿನವನು ಸ್ಟ್ಯಾಂಡನ್ನು ಒಳಗೆ ಬಿಡುವುದಿಲ್ಲವೆಂದ. ಮೂರು ಕಾಲಿದ್ದ ಮಾತ್ರಕ್ಕೆ ಅದನ್ನು ಅಪಾಯಕಾರಿ ಎಂದು ಭಾವಿಸುವುದು ಸರಿಯಲ್ಲವೆಂದು ನಾನು ನನ್ನ ಬ್ಯಾಂಕಿನ ಹಿಂದಿಯಲ್ಲಿ ವಾದಿಸುತ್ತಿದ್ದಷ್ಟು ಹೊತ್ತೂ ಶಾರದೆ ಮತ್ತು ಮೇಘಾ ಮರದ ನೆರಳಲ್ಲಿ ಕೂತು ಥೇಪ್ಲಾ ತಿನ್ನುತ್ತಿದ್ದರು. ಕೊನೆಗೆ ಗೇಟಿನ ಸರಳುಗಳ ಮಧ್ಯದಿಂದ, ದೂರದ ಲೆನ್ಸಿನಲ್ಲಿ, ಗೋಪುರವೊಂದಕ್ಕೆ ಏಳು ಫೋಟೋ. ಭರೂಚಿನಲ್ಲಿ ನರ್ಮದೆಗೆ ಆರು, ಅಂಕಲೇಶ್ವರದ ಬಳಿ ಪಲ್ಟಿಯಾಗಿ ಬಿದ್ದಿದ್ದ ಲಾರಿಗೆ ಮೂರು. ಮಧ್ಯಾಹ್ನದ ಊಟಕ್ಕೆ ಬರುತ್ತೇವೆಂದು ಹೇಳಿದ್ದವರು ಸೂರತ್ತಿನ ಜನಜಂಗುಳಿ ದಾಟಿ ಹಜೀರಾ ಸೇರಿದಾಗ ಸಂಜೆ ಐದಾಗಿತ್ತು. ಅತ್ತಿಗೆಯ ಹುಳಿ ಮೂರು ಸಲ ಬಿಸಿಯಾಗಿ ಗಟ್ಟಿಯಾಗಿತ್ತು.

ಭಾವ ಚೀಲವನ್ನು ಕಂಡು ಹುಬ್ಬೇರಿಸಿದರು. ಅದಕ್ಕಾಗಿಯೇ ನಾನು ಮುನ್ನೂರು ಕಿಲೋಮೀಟರ್ ಬಂದಿದ್ದೆನೇನೋ ಎನ್ನಿಸುವಷ್ಟು ಸಂತೋಷ ನನಗಾಯಿತು. ಕಾರ್ಖಾನೆಯ ಚಿಮಣಿಯ ತುದಿಯಲ್ಲಿ ಸದಾ ಉರಿಯುವ ಅನಿಲದ ಜ್ವಾಲೆಯನ್ನು ಅವರು ಮಹಡಿಯಿಂದ ತೋರಿಸಿದರು. ನಾನು ಸ್ಟ್ಯಾಂಡ್ ನಿಲ್ಲಿಸಿ, ನಕ್ಷತ್ರದ ಗಾಜು ತಿರುಗಿಸಿ, ಮುಳುಗುವ ಸೂರ್ಯನ ಸಮಕ್ಷಮದಲ್ಲಿ ಜ್ವಾಲೆಯನ್ನು ಎಷ್ಟು ಸಲ ಸೆರೆಹಿಡಿದೆನೋ ಲೆಕ್ಕವಿಡಲಿಲ್ಲ. ಅಕ್ಕತಂಗಿಯರ ಫೋಟೋ ಬೆಳಿಗ್ಗೆ, ಎಣ್ಣೆಸ್ನಾನ ಮುಗಿಸಿ, ಅದೇ ಸೀರೆಯುಟ್ಟ ಮೇಲೆ ಎಂದು ಅವರೇ ನಿಶ್ಚಯಿಸಿದ್ದರು. ನನ್ನ ಕಾರಿನ ದೀಪಗಳು ಮಿಣುಕುವ ಜಾತಿಯವಾದ್ದರಿಂದ ಕತ್ತಲಾಗುವುದರೊಳಗೆ ಅಹಮದಾಬಾದ್ ಸೇರಲು ಹನ್ನೊಂದಕ್ಕೇ ಹೊರಡಬೇಕಿತ್ತು. ಸೋಮವಾರ ಅವರ ಸಾಮಾನಿನ ಲಾರಿ ಬರಲಿತ್ತು.

ಭಾನುವಾರ ಹತ್ತು ಗಂಟೆಗೆ ಇಬ್ಬರೂ ಕ್ವಾರ್ಟರ್ಸಿನ ಮುಂದಿನ ಕಾಗದದ ಹೂವಿನ ಬಳ್ಳಿಯ ಕೆಳಗೆ ಬಂದು ನಿಂತರು. ಗಿಳಿಹಸಿರು ಸೀರೆ ಹನ್ನೊಂದು ವರ್ಷದಲ್ಲಿ ತುಸು ಮಾಸಿತ್ತು, ಉಟ್ಟವರು ತುಸು ತುಂಬಿಕೊಂಡಿದ್ದರು. ಆದರೆ ಅತ್ತಿಗೆ ತಂಗಿಯ ಜಡೆಯನ್ನು ಮುಂದಕ್ಕೆ ತಂದು, ಸೆರಗನ್ನು ಒಮ್ಮೆ ಎಳೆದು, ಹೆಗಲ ಮೇಲೆ ಕೈಯಿಟ್ಟ ಆ ರೀತಿಯಲ್ಲಿ ಮದುವೆಯ ದಿನ ನಾನು ಮಂಟಪದಿಂದ ಕದ್ದು ನೋಡಿದ್ದು ಹಾಗೆಯೇ ಇತ್ತು. ನಾನು ಕಣ್ಣಿಗೆ ಕ್ಯಾಮೆರಾ ಹಿಡಿದು, ಮುಂದಿನ ಫೋಟೋಕ್ಕೆ ರೀಲು ಸರಿಸುವ ಕಡ್ಡಿಯನ್ನು ಎಳೆದೆ. ಕಡ್ಡಿ ಅಲುಗಲಿಲ್ಲ. ಕ್ಯಾಮೆರಾದ ನೆತ್ತಿಯ ಮೇಲಿನ ಪುಟ್ಟ ಕಿಟಕಿಯಲ್ಲಿ ಮೂವತ್ತಾರು ಎಂದಿತ್ತು.

ಗಾಬರಿಯಾಗಬೇಕಾದದ್ದೇನಿಲ್ಲವೆಂದು ಚೀಲಕ್ಕೆ ಕೈಹಾಕಿದೆ. ಮೊದಲ ಜೇಬಿನಲ್ಲಿ ಖಾಖ್ರಾದ ಚೂರು, ಎರಡನೆಯದರಲ್ಲಿ ಛುಂದೋ, ಮೂರನೆಯದರಲ್ಲಿ ಮೂರ್ತಿಯವರ ಸೂರ್ಯನ ನಕ್ಷೆ. ಹನ್ನೊಂದು ಜೇಬುಗಳೂ ಮುಗಿಯುವಷ್ಟರಲ್ಲಿ ಮಣಿನಗರದ ನಮ್ಮ ಫ್ರಿಜ್ಜಿನ ಬಾಗಿಲು ನನ್ನ ಕಣ್ಣೆದುರು ತೆರೆದುಕೊಂಡಿತು. ಹೊರಡುವ ದಿನ ನಸುಕಿನಲ್ಲಿ ಆ ಬಾಗಿಲನ್ನು ನಾನೇ ಮೂರು ಸಲ ತೆರೆದಿದ್ದೆ: ನೀರಿನ ಬಾಟಲಿಗೊಮ್ಮೆ, ಮಜ್ಜಿಗೆಗೊಮ್ಮೆ, ದಾರಿಯಲ್ಲಿ ಮಗಳಿಗೆ ವಾಂತಿ ಬಂದರೆ ಇರಲೆಂದು ಎರಡು ನಿಂಬೆಹಣ್ಣಿಗೊಮ್ಮೆ. ನಿಂಬೆಹಣ್ಣಿನ ಸಾಲಿನಲ್ಲೇ ರೀಲು ಕೂತಿತ್ತು. ಮೊಟ್ಟೆ ತಿನ್ನುವವರಾಗಿದ್ದರೆ ಆ ಗುಳಿಗಳಲ್ಲಿ ಮೊಟ್ಟೆಯಲ್ಲದ್ದು ಒಂದು ಕೂತಿರುವುದು ತಟ್ಟನೆ ಕಣ್ಣಿಗೆ ಹೊಡೆಯುತ್ತಿತ್ತು. ಅಲ್ಲಿ ಏನು ಬೇಕಾದರೂ ಇರಬಹುದಾದ ಮನೆಯಲ್ಲಿ ಏನು ಉಳಿಯಿತೆಂದು ಯಾರು ನೋಡುತ್ತಾರೆ?

“ಬೇಗ ತೆಗೀರಿ, ಬಿಸಿಲು ಮುಖಕ್ಕೆ ಬರ್ತಿದೆ,” ಎಂದಳು ಶಾರದೆ, ನಗುವನ್ನು ಕೆಡದಂತೆ ತುಟಿಯಲ್ಲೇ ಹಿಡಿದುಕೊಂಡು.

ಫ್ಲ್ಯಾಶ್ ಕ್ಯಾಮೆರಾದ ನೆತ್ತಿಯ ಮೇಲಿತ್ತು. ನನ್ನ ಹೆಬ್ಬೆರಳು ಅದರ ಬೆನ್ನಿನ ಪುಟ್ಟ ಗುಂಡಿಯನ್ನು ತಾನಾಗಿ ಹುಡುಕಿಕೊಂಡಿತು. ಒಮ್ಮೆ ಮಿಂಚಿಸಿಬಿಟ್ಟರೆ ಈ ಕ್ಷಣ ದಾಟುತ್ತದೆ. ಹೇಳಲು ಆಮೇಲೆ ಲ್ಯಾಬಿನವನಿದ್ದಾನೆ. ಹಾಗೆಂದುಕೊಂಡು ತಲೆಯೆತ್ತಿದರೆ, ಪಕ್ಕದಲ್ಲಿ ನಿಂತಿದ್ದ ಭಾವ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು. ಅವರ ಮುಖ ಬಿಳಚಿಕೊಂಡಿತ್ತು. ಲ್ಯಾಬಿನವನು ಹಾಳುಮಾಡಿದ ಆ ಒಂದು ನೆಗೆಟಿವಿನ ನಿಜ ನನಗೆ ಆಗ ಹೊಳೆಯಿತು.

“ಬೇಡ ಕಣಯ್ಯಾ,” ಎಂದರು ಅವರು ಮೆಲ್ಲಗೆ. “ಒಂದ್ಸಲ ಒತ್ತಿದ್ರೆ ಹನ್ನೊಂದು ವರ್ಷ ಹೊರ್‍ಬೇಕಾಗತ್ತೆ.”

“ಏನ್ರೀ ಅದು ಹೊರೋದು?” ಎಂದು ಅತ್ತಿಗೆ ಕೇಳಿದರು.

ಭಾವ ಹೇಳಿಬಿಟ್ಟರು. ಮದುವೆಯ ದಿನ ಬೀಗರ ಗುಂಪಿಗೆಲ್ಲ ಫೋಟೋ ತೆಗೆದು ರೀಲು ಮುಗಿದಿತ್ತಂತೆ. ಆಗ ಇಬ್ಬರೂ ಹೊಸ ಸೀರೆಯುಟ್ಟು ಓಡಿಬಂದು ನಿಂತರು. “ಅಷ್ಟು ಖುಷೀಲಿದ್ರಿ. ಮುಗೀತು ಅನ್ನೋಕೆ ಬಾಯೇ ಬರಲಿಲ್ಲ. ಬರೀ ಫ್ಲ್ಯಾಶ್ ಒತ್ತಿದೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಇವನದೂ ಈಗ ಮುಗಿದಿದೆ,” ಎಂದು ನನ್ನ ಸಾಂಗತ್ಯವನ್ನೂ ಕೋರಿದರು. ನಾನು ತಲೆಯಾಡಿಸಿದೆ.

“ಹನ್ನೊಂದು ವರ್ಷ ಆ ಲ್ಯಾಬಿನೋನಿಗೆ ಹಿಡಿಶಾಪ ಹಾಕಿದೀನಲ್ರೀ ನಾನು!” ಎಂದ ಅತ್ತಿಗೆ ಸರ್ರನೆ ಒಳಗೆ ಹೋದರು. ನಗುತ್ತಾರೆಂದು ಕಾದಿದ್ದ ನಮಗೆ ಒಳಗಿನಿಂದ ಪೆಟ್ಟಿಗೆಯೊಂದರ ಹಗ್ಗ ಬಿಚ್ಚುವ ಸದ್ದು ಕೇಳಿಸಿತು. ಲಾರಿಗೆಂದು ಕಟ್ಟಿಟ್ಟಿದ್ದ ಸಾಮಾನಿನಿಂದ ಅವರು ಒಂದು ಹಳೆಯ ಆಲ್ಬಂ ತಂದು ಗಂಡನ ಕೈಗಿಟ್ಟರು. ಕಪ್ಪು ಹಾಳೆಯ ಮೇಲೆ, ನಮ್ಮ ಮದುವೆಯ ಫೋಟೋಗಳ ನಡುವೆ, ಒಂದು ಫೋಟೋ ಹಿಡಿಯುವಷ್ಟು ಅಂತರದಲ್ಲಿ ನಾಲ್ಕು ಮೂಲೆಕಾಗದಗಳನ್ನು ಅಂಟಿಸಿಟ್ಟಿದ್ದರು. ಒಳಗೆ ಏನೂ ಇರಲಿಲ್ಲ. “ಇನ್ನೊಂದ್ಸಲ ತೆಗೆದ್ಕೊಡ್ತೀನಿ ಅಂತಿದ್ರಲ್ಲ, ಅದಕ್ಕೆ ಜಾಗ ಇಟ್ಟಿದ್ದೆ,” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಶಾರದೆ ಅಕ್ಕನ ಕೈ ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡಿದಳು. ಹನ್ನೊಂದು ಜೇಬುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ನನಗೆ ನಿಜವಾಗಿ ನಾಚಿಕೆಯಾಯಿತು.

ಅಷ್ಟರಲ್ಲಿ ಮೇಘಾ ನನ್ನ ಅಂಗಿಯ ತುದಿ ಎಳೆದಳು. “ಪಪ್ಪಾ, ಮತ್ತೆ ನಂದು? ಒಂಟೆಗಾಡಿ ಹತ್ರ ತೆಗ್ದಿದ್ದು? ಅದೂ ಜೂಠಾ?”

ಸುಳ್ಳೇ ಎಂದು ಅವಳು ಕೇಳಿದ್ದು ಅನುವಾದವಿಲ್ಲದೆಯೂ ಎಲ್ಲರಿಗೂ ಅರ್ಥವಾಯಿತು. ನಾನು ಉತ್ತರಿಸುವ ಮೊದಲೇ ಭಾವ ಆಲ್ಬಮ್ಮನ್ನು ಬೆಂಚಿನ ಮೇಲಿಟ್ಟು, ಉಟ್ಟ ಲುಂಗಿಯಲ್ಲೇ, ಮನೆಯ ಚಪ್ಪಲಿಯಲ್ಲೇ ಗೇಟು ದಾಟಿ ಓಡಿದರು. ಭಾನುವಾರ ಕಾಲೊನಿಯ ಅಂಗಡಿ ಮುಚ್ಚಿರುತ್ತದೆ, ತೆರೆದಿದ್ದರೂ ಅಲ್ಲಿ ಬ್ರೆಡ್ಡು ಬಿಸ್ಕತ್ತು ಬಿಟ್ಟು ಬೇರೇನೂ ಇಲ್ಲ, ಸೂರತ್ತಿಗೆ ಹೋಗಿಬರಲು ಹೊತ್ತಿಲ್ಲ. ಆ ಐವತ್ತು ವರ್ಷದ ಎಂಜಿನಿಯರು ಒಂದೊಂದೇ ಕ್ವಾರ್ಟರ್ಸಿನ ಬಾಗಿಲು ತಟ್ಟುತ್ತ, “ನಿಮ್ಮ ಕ್ಯಾಮೆರಾದಲ್ಲಿ ಒಂದು ಫೋಟೋ ಉಳಿದಿದೆಯಾ?” ಎಂದು ಹಿಂದಿಯಲ್ಲಿ ಕೇಳುತ್ತ ಹೋಗುವುದು ಬೇಲಿಯಾಚೆಯಿಂದ ನಮಗೆ ಕಾಣುತ್ತಿತ್ತು. ಹಾಲಿನ ಪುಡಿ, ಹೆಪ್ಪಿನ ಮೊಸರು ಕೇಳಿಕೊಂಡು ಹೋಗುವುದು ಕಾಲೊನಿಗಳಲ್ಲಿ ಮಾಮೂಲು. ಫೋಟೋ ಕೇಳಿಕೊಂಡು ಹೊರಟವರು ಅವರೇ ಮೊದಲಿಗರಿರಬೇಕು. ನಾಲ್ಕನೆಯ ಬಾಗಿಲನ್ನೂ ತಟ್ಟಿ ಬರಿಗೈಯಲ್ಲಿ ತಿರುಗಿದಾಗ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಚಪ್ಪಲಿ ಒಂದೊಂದು ಜೊತೇದು ಹಾಕ್ಕೊಂಡ್ ಹೋಗಿದಾರೆ ನೋಡೇ,” ಎಂದು ತಂಗಿಗೆ ತೋರಿಸಿದರು.

ಕೊನೆಯ ಬ್ಲಾಕಿನಲ್ಲಿದ್ದ ಕೇರಳದ ನರ್ಸಮ್ಮನ ಕ್ಯಾಮೆರಾದಲ್ಲಿ ಮೂರು ಉಳಿದಿದ್ದವು. ಮಗನ ಹುಟ್ಟಿದಹಬ್ಬಕ್ಕೆ ಎರಡನ್ನಿಟ್ಟುಕೊಂಡು ಒಂದನ್ನು ಆಕೆ ಕೊಟ್ಟಳು. ಏದುಸಿರು ಬಿಡುತ್ತ ಬಂದ ಭಾವನ ಕೈಯಲ್ಲಿದ್ದುದನ್ನು ಕಂಡು ನಾನು ದಂಗಾದೆ: ಒಂದೇ ಗುಂಡಿಯ, ಸೋಪಿನ ಪೆಟ್ಟಿಗೆಯ ಗಾತ್ರದ ಪುಟ್ಟ ಕ್ಯಾಮೆರಾ. ಶಾರದೆ ನನ್ನ ಕಡೆ ಒಮ್ಮೆ ನೋಡಿದಳಷ್ಟೇ. ಅಕ್ಕತಂಗಿಯರು ಮತ್ತೆ ಹೆಗಲ ಮೇಲೆ ಕೈಹಾಕಿ ನಿಂತರು. ನಾನು ಮುಂದೆ ಬರಲಿಲ್ಲ; ಆ ಫೋಟೋ ತೆಗೆಯಬೇಕಾದವರು ಭಾವನೇ. ಅವರು ಗುಂಡಿ ಒತ್ತಿದರು. ಮಿಂಚೇನೂ ಬರಲಿಲ್ಲ, ಟಿಕ್ ಎಂದು ಸಣ್ಣ ಸದ್ದಾಯಿತು.

ಆ ಫೋಟೋ ಬಂತೋ ಇಲ್ಲವೋ ಎಂದು ನೀವು ಚಡಪಡಿಸುವುದು ಬೇಡ. ಎರಡು ತಿಂಗಳ ನಂತರ, ನರ್ಸಮ್ಮನ ರೀಲು ಮುಗಿದು, ತೊಳೆದು, ಹಜೀರಾದಿಂದ ಅಸ್ಸಾಮಿಗೆ ಹೋಗಿ, ಅಲ್ಲಿಂದ ಒಂದು ಪ್ರತಿ ನಮಗೆ ಅಂಚೆಯಲ್ಲಿ ಬಂತು. ಫೋಟೋ ತುಸು ಓರೆಯಾಗಿದೆ. ಬಲಮೂಲೆಯನ್ನು ಭಾವನ ಬೆರಳ ತುದಿ ಮಸುಕಾಗಿ ಆಕ್ರಮಿಸಿದೆ. ಬಳ್ಳಿಯ ಕೆಳಗೆ ಇಬ್ಬರೂ ಅತ್ತು ಮುಗಿಸಿದ ಮುಖದಲ್ಲಿ, ಕೆಳಗೆ ಯಾರದೋ ಜೊತೆಗೂಡದ ಚಪ್ಪಲಿಗಳ ಕಡೆ ನೋಡುತ್ತ, ಬಾಯ್ತುಂಬ ನಗುತ್ತಿದ್ದಾರೆ. ಫೋಟೋ ದೊಡ್ಡದಾದ್ದರಿಂದ ಹಳೆಯ ಮೂಲೆಗಳನ್ನು ಕಿತ್ತು ಇನ್ನಷ್ಟು ದೂರಕ್ಕೆ ಅಂಟಿಸಬೇಕಾಯಿತೆಂದು ಅತ್ತಿಗೆ ಬರೆದಿದ್ದರು. ಬೆರಳಿರುವ ಮೂಲೆಯನ್ನು ಕತ್ತರಿಸಿ ಚೌಕಟ್ಟು ಹಾಕಿಸೋಣವೇ ಎಂದು ನಾನು ಕೇಳಿದ್ದಕ್ಕೆ ಶಾರದೆ, “ಮುಟ್ಟಿದ್ರೆ ನೋಡಿ,” ಎಂದಳು. ನನ್ನ ಮೂವತ್ತಾರು ಫೋಟೋಗಳನ್ನು ಮೂರ್ತಿಯವರು ಬಹಳ ಮೆಚ್ಚಿಕೊಂಡರು. ಅವು ಬೀರುವಿನ ಮೇಲೆಲ್ಲೋ ಇವೆ.

ಉಳಿದದ್ದು ಮೇಘಾಳ ವ್ಯಾಜ್ಯ. ಹಿಂತಿರುಗುವ ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಒಂಟೆಗಾಡಿಗಳು ಎದುರಾದರೆ ಮುಖವನ್ನು ಇನ್ನೊಂದು ಕಡೆ ತಿರುಗಿಸುತ್ತಿದ್ದಳು. ವಡೋದರ ದಾಟಿದ ಮೇಲೆ ನಾನೇ ಸಂಧಾನಕ್ಕಿಳಿದು, ಫ್ರಿಜ್ಜಿನಲ್ಲಿರುವ ರೀಲು ಪೂರ್ತಿ ನಿನ್ನದು, ಕ್ಯಾಮೆರಾ ಹಿಡಿಯುವವಳೂ ನೀನೇ, ಹೇಳಿದ ಕಡೆ ನಾನು ನಿಲ್ಲುತ್ತೇನೆ ಎಂದು ಮಾತುಕೊಟ್ಟೆ. ಅವಳು ಸ್ವಲ್ಪ ಯೋಚಿಸಿ, “ಠೀಕ್,” ಎಂದಳು.

ಮುಂದಿನ ಭಾನುವಾರ, ಮೂರ್ತಿಯವರಿಗೆ ಸಾಮಾನು ಹಿಂತಿರುಗಿಸುವ ಮೊದಲು, ಆ ಒಪ್ಪಂದ ಜಾರಿಗೆ ಬಂತು. ರೀಲು ತುಂಬಿಸಿಕೊಡಲೇ ಎಂದು ಕೇಳಿದ್ದಕ್ಕೆ, ಮೂರ್ತಿ ಅಂಕಲ್ ಹೇಳಿಕೊಟ್ಟಿದ್ದಾರೆ, ಆಗಲೇ ಆಯಿತು ಎಂದಳು. ಮಹಡಿಯ ಮೇಲೆ ನೀರಿನ ತೊಟ್ಟಿಯ ಪಕ್ಕ ನಿಲ್ಲು ಎಂದಳು, ನಿಂತೆ. ಹರಕು ಗಾಳಿಪಟ ಹಿಡಿದು ನಗು ಎಂದಳು, ನಕ್ಕೆ. ಒಂದು ಕಾಲಿನ ಮೇಲೆ, ತಲೆಯ ಮೇಲೆ ಥೇಪ್ಲಾ ಡಬ್ಬಿಯಿಟ್ಟುಕೊಂಡು, ಕಾಂತಾಬೆನ್ ಅವರ ಹಪ್ಪಳಗಳಿಗೆ ಬೆನ್ನು ಮಾಡಿ, ಮುಖ ಮಾಡಿ. ಪ್ರತಿ ಸಲವೂ ಫ್ಲ್ಯಾಶ್ ಫಳ್ಳೆಂದು ಮಿಂಚಿತು. ನಾನು ಪ್ರತಿ ಸಲವೂ ಕೂದಲು ಸರಿಮಾಡಿ, ಹೊಟ್ಟೆ ಒಳಗೆಳೆದು, ಮನಃಪೂರ್ವಕವಾಗಿ ನಕ್ಕೆ. ಬೆವರು ಸುರಿಯಿತು, ಆದರೂ ಇಷ್ಟು ಶ್ರದ್ಧೆಯಿಂದ ನನ್ನನ್ನು ಯಾರೂ ಎಂದೂ ನೋಡಿರಲಿಲ್ಲವೆಂಬ ಸುಖವೂ ಇತ್ತು.

ಮಧ್ಯಾಹ್ನ ಶರಬತ್ತು ಮಾಡೋಣವೆಂದು ನಿಂಬೆಹಣ್ಣಿಗಾಗಿ ಫ್ರಿಜ್ಜಿನ ಬಾಗಿಲು ತೆರೆದೆ. ಕಟ್ಟಕಡೆಯ ಗುಳಿಯಲ್ಲಿ ಬೂದು ಮುಚ್ಚಳದ ಕಪ್ಪು ಡಬ್ಬಿ ಕೂತಿತ್ತು. ತೆಗೆದು ಅಲ್ಲಾಡಿಸಿದೆ, ರೀಲು ಒಳಗೇ ಇತ್ತು. ಅದನ್ನು ಹಾಗೇ ಇಟ್ಟು, ಎರಡು ನಿಂಬೆಹಣ್ಣು ತೆಗೆದುಕೊಂಡು, ಬಾಗಿಲು ಹಾಕಿದೆ.

ಊಟಕ್ಕೆ ಕೂತಾಗ, ಏನೂ ಅರಿಯದವನಂತೆ, “ಮೇಘಾ, ನನ್ನ ಫೋಟೋಗಳೆಲ್ಲ ಯಾವಾಗ ಬರುತ್ತಮ್ಮ?” ಎಂದು ಕೇಳಿದೆ.

ಅವಳು ತಟ್ಟೆಯಿಂದ ತಲೆಯೆತ್ತಲಿಲ್ಲ. “ಲ್ಯಾಬ್‌ವಾಲಾ ನೆಗೆಟಿವ್ ಹಾಳ್ ಮಾಡ್ದ, ಪಪ್ಪಾ,” ಎಂದಳು.